ಸಿರಿಯೂ ಸಮಾಧಾನವೂ

ಹಣವುಳ್ಳವನೇ ಸುಖಿಯೆಂಬ ಭಾವನೆಯು ನಮ್ಮ ಜನರಲ್ಲಿ ದಿನೇ ದಿನೇ ಬಲವಾಗುತ್ತಲಿದೆ. ನೆರೆಮನೆಯ ಮದುವೆಗಿಂತ ತನ್ನ ಮನೆಯ ಮದುವೆಯು ಹೆಚ್ಚು ಮೆರೆಯಬೇಕೆಂದು ಸಾಲ ಮಾಡುವವರೂ, ಆ ಸಾಲದ ಚಿಂತೆಯಿಂದ ನಿದ್ದೆಗೆಡುವವರೂ ಯಾವ ಊರಲ್ಲಿ ಇಲ್ಲ? ಸಂಪತ್ತು ಬೆಳೆದಂತೆ ಸಮಾಧಾನವೂ ಬೆಳೆಯುವದೆಂಬ ಈ ಲೆಕ್ಕವು ತಪ್ಪೆಂಬುದಕ್ಕೆ ಹಾವೇರಿ ಸೀಮೆಯ ಇತಿಹಾಸವೇ ಸಾಕ್ಷಿಯಾಗಿದೆ.

ಶಿಗ್ಗಾಂವಿ ತಾಲೂಕಿನ ಬಾಡದ ಡಣ್ಣಾಯಕನಾಗಿದ್ದ ಕನಕನು ಅಧಿಕಾರವನ್ನು ತೊರೆದು ದಾಸನಾದನು. ಅದೇ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (1819-1889) ಶಾಲೆಯ ಮಾಸ್ತರಿಕೆಯನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಶಿಷ್ಯತ್ವದಲ್ಲಿ ನೆಮ್ಮದಿಯನ್ನು ಕಂಡರು. ಹಿರೇಕೆರೂರು ಸೀಮೆಯವನೆಂದು ಪ್ರತೀತಿಯಿರುವ ಸರ್ವಜ್ಞನು ಮನೆಯ ಹಂಗಿಲ್ಲದೆ ಊರೂರು ತಿರುಗಿದನು. ಇವರೆಲ್ಲ ವಿರಾಗಿಗಳು, ಸಂಸಾರಿಗಳಾದ ನಮಗೆ ಆ ದಾರಿಯು ನಿಲುಕದೆಂದು ವಾಚಕರು ಅನ್ನಬಹುದು. ಅಂಥವರು ಹಾನಗಲ್ಲ ತಾಲೂಕಿನ ಇಬ್ಬರು ಅಂಧ ಬಾಲಕರ ಚರಿತ್ರೆಯನ್ನು ನೆನೆಯಲಿ.

1892 ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳ ಕಂಠವನ್ನು ಗುರುತಿಸಿ, ಅವರ ಸಂಗೀತಾಭ್ಯಾಸಕ್ಕೆ ಆಸರೆಯಾದವರು ಹಾನಗಲ್ಲ ಕುಮಾರಸ್ವಾಮಿಗಳು. ಪಡೆದ ಆ ಪ್ರೀತಿಯನ್ನು ಗವಾಯಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿದ್ಯೆಗಳಾಗಿ ಹಂಚಿದರು. 1914 ರಲ್ಲಿ ದೇವಗಿರಿಯಲ್ಲಿ ಜನಿಸಿ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು, ಗುರುಗಳು 1944 ರಲ್ಲಿ ಲಿಂಗೈಕ್ಯರಾದ ಬಳಿಕ ಆ ಭಾರವನ್ನು ಹೊತ್ತು 2010 ರಲ್ಲಿ ತಮ್ಮ ಕೊನೆಯವರೆಗೂ ನಡೆಯಿಸಿದರು. ಅವರ ಬಾಳನ್ನು ತುಂಬಿದುದು ಗಳಿಕೆಯಲ್ಲ. ಕೈಹಿಡಿದವರ ಪ್ರೀತಿ, ಮನಸ್ಸಿಗೊಪ್ಪುವ ಕೆಲಸ, ತಮ್ಮನ್ನು ನೆಚ್ಚಿದ ಜನ, ಇವು ಮೂರೇ. ಇವನ್ನು ಪಡೆಯಲು ಸಂಸಾರವನ್ನು ಬಿಡಬೇಕಾಗಿಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಳೆ ಕೈಕೊಟ್ಟ ಹಿರೇಕೆರೂರಿನ ಒಕ್ಕಲಿಗನಿಗಾಗಲಿ, ಬೆಲೆ ಕುಸಿದ ಸವಣೂರಿನ ಎಲೆಬಳ್ಳಿಯ ತೋಟಿಗನಿಗಾಗಲಿ ಸಂತೃಪ್ತಿಯನ್ನು ಉಪದೇಶಿಸುವದು ಧರ್ಮವಲ್ಲ, ನಿಷ್ಕರುಣೆ. ಹಸಿದವನಿಗೆ ಮೊದಲು ಬೇಕಾದುದು ಅನ್ನ, ನೊಂದವನಿಗೆ ನ್ಯಾಯ. ಉಪದೇಶವೇನಿದ್ದರೂ ಉಂಡು ಮಿಗುವವರಿಗೆ ಇರಲಿ. ಬಡವನ ಎದೆಯನ್ನು ಒಡೆಯುವದು ಸಾಲವೊಂದೇ ಅಲ್ಲ, ಸಾಲದೊಡನೆ ಬರುವ ಅವಮಾನವೂ ಹೌದು. ಕಚೇರಿಯಲ್ಲಿ ಕುಳಿತ ಅಧಿಕಾರಿಯು ಅರ್ಜಿದಾರನನ್ನು ನಾಲ್ಕು ಬಾರಿ ಅಲೆಯಿಸದೆ ಕುಳ್ಳಿರಿಸಿ ಮಾತನಾಡಿಸಿದರೆ ಆ ಅವಮಾನದ ಅರ್ಧಭಾಗವು ಇಳಿಯುವದು. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಬೇಕಾಗದು.

ಮನೋವ್ಯಥೆಗೆ ಚಿಕಿತ್ಸೆ ಪಡೆಯುವದು ಪ್ರಜೆಯ ಹಕ್ಕೆಂದು 2017 ರ ಮಾನಸಿಕ ಆರೋಗ್ಯ ಕಾಯಿದೆಯು ಸಾರಿದೆ. 2022 ರಲ್ಲಿ ಸರಕಾರವು ಆರಂಭಿಸಿದ 'ಟೆಲಿ ಮಾನಸ್' ದೂರವಾಣಿಯ ಸಂಖ್ಯೆಯು 14416. ಈ ಸಂಖ್ಯೆಯನ್ನು ಪ್ರತಿಯೊಂದು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಬೇಕು. ಆದರೆ ದೂರವಾಣಿಗಿಂತ ಮೊದಲು ಕೇಳಿಸಬೇಕಾದುದು ನೆರೆಯವನ ದನಿ. ನಮ್ಮ ಓಣಿಯಲ್ಲಿ ಮೌನವಾಗಿ ಕುಳಿತವನನ್ನು ಇಂದು ಸಂಜೆ ನಾವು ಮಾತನಾಡಿಸುವೆವೇ? ನಮ್ಮ ನಾಡಿನ ಸಿರಿಯನ್ನು ಅಳೆಯುವ ಕೊಳಗವು ಅದೇ.