ಚಕ್ಕಿನ ಮುಂದೆ ಕೈಗವಸು ಬೇಡ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲರ್‌ಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿ, ಅಂಕೋಲಾದ ಬೇಲೆಕೇರಿಯಲ್ಲಿ ದೋಣಿಗಳು ದಡ ಹಿಡಿದವೆಂದರೆ ಲೇತ್ ವರ್ಕ್‌ಶಾಪುಗಳಿಗೆ ಸುಗ್ಗಿ. ಸವೆದ ಪ್ರೊಪೆಲರ್ ಶಾಫ್ಟು, ಬುಷ್ಷು, ಪುಲ್ಲಿ ಎಲ್ಲ ಆಗಸ್ಟ್‌ಗೆ ಮೊದಲೇ ಸಿದ್ಧವಾಗಬೇಕು. ಹೊರಗೆ ಜಡಿಮಳೆ, ಒಳಗೆ ಅವಸರ. ಎಣ್ಣೆ ಜಾರದಿರಲಿ, ಅಂಚು ಕೊಯ್ಯದಿರಲಿ ಎಂದು ಕೆಲಸಗಾರ ಹತ್ತಿಯ ಗವಸು ಹಾಕಿಕೊಳ್ಳುತ್ತಾನೆ. ಹಾಕಿಕೊಳ್ಳುವವನು ಹುಂಬನೇನಲ್ಲ, ಎಚ್ಚರದವನೇ.

ಆದರೆ ವೆಲ್ಡಿಂಗ್‌ನಲ್ಲಿ ಕೈ ಕಾಯುವ ಗವಸೇ ಲೇತಿನಲ್ಲಿ ಕೈಗೆ ಮುಳುವು. ಬರಿಗೈಗೆ ತಿರುಗುವ ಕಬ್ಬಿಣ ತಾಗಿದರೆ ಚರ್ಮ ಸೀಳಿಯಾದರೂ ಕೈ ಹಿಂದೆ ಬಂದೀತು. ಗವಸಿನ ನೂಲು ಸಿಕ್ಕಿಕೊಂಡರೆ ಕೈಯೇ ಒಳಗೆ ಹೋಗುತ್ತದೆ. ನಿಮಿಷಕ್ಕೆ 600 ಸುತ್ತು ಎಂದರೆ ಸೆಕೆಂಡಿಗೆ ಹತ್ತು. ಬಟನ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸಡಿಲ ತೋಳು, ಕೊರಳ ಟವೆಲ್ಲು, ಕೈಯ ಉಂಗುರಕ್ಕೂ ಇದೇ ಮಾತು. 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಂ, ಚಲಿಸುವ ಯಂತ್ರದ ಬಳಿ ಎಣ್ಣೆ ಹಾಕುವವನಿಗೆ ಬಿಗಿ ಉಡುಪು ಇರಬೇಕು, ಅದನ್ನು ಮಾಲೀಕನೇ ಕೊಡಬೇಕು ಎಂದಿತ್ತು. ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಮಂದಿ ದುಡಿಯುತ್ತಿದ್ದರೆ ಮಾತ್ರ ಆ ಕಾಯ್ದೆಯಡಿ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಇಬ್ಬರು ಮೂವರ ಅಂಗಡಿಗೆ ಆ ಕಾಯ್ದೆ ಕಾಲಿಡಲೇ ಇಲ್ಲ.

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಮೇಲ್ದರ್ಜೆಗೇರಿದವು. ಕೈಲೇತಿನ ಜೊತೆಗೆ ಸಿಎನ್‌ಸಿಯ ಪಾಠವೂ ಬಂತು. ಊರಿನ ಹುಡುಗ ಬೆಳಗಾವಿಗೋ ಗೋವಾದ ವೆರ್ಣಾಕ್ಕೋ ಕೆಲಸಕ್ಕೆ ಹೋದರೆ ಎದುರಾಗುವುದೂ ಅದೇ. ಯಂತ್ರದ ಬಾಗಿಲು ಮುಚ್ಚಿರುತ್ತದೆ, ಭಯವಿಲ್ಲ ಎನಿಸುತ್ತದೆ. ಕೆಲಸ ಬೇಗ ಸಾಗಲೆಂದು ಬಾಗಿಲಿನ ಸ್ವಿಚ್ಚಿಗೇ ಮೋಸ ಮಾಡುವವರೂ ಇದ್ದಾರೆ. ಅಲ್ಲಿಗೆ ಆ ಬಾಗಿಲು ಬರಿಯ ಅಲಂಕಾರ.

ಇಲ್ಲಿ ಅಪಾಯ ಹುಟ್ಟುವುದು ಅಂಕಿಯಲ್ಲಿ. ಕೆಲವು ಕಂಟ್ರೋಲರ್‌ಗಳು 50ರ ಮುಂದೆ ಚುಕ್ಕೆ ಇಲ್ಲದಿದ್ದರೆ ಅದನ್ನು 50 ಮಿಲಿಮೀಟರ್ ಎನ್ನದೆ 50 ಮೈಕ್ರಾನ್ ಎಂದು ಓದುತ್ತವೆ. ಟೂಲು ಹಿಂದೆ ಸರಿಯಿತೆಂದು ಆಪರೇಟರ್ ತಿಳಿದಿರುತ್ತಾನೆ. ಅದು ಕೂದಲೆಳೆಯಷ್ಟು ಮಾತ್ರ ಸರಿದಿರುತ್ತದೆ. ಮರುಕ್ಷಣದ ರ‍್ಯಾಪಿಡ್ ಚಲನೆ ನಿಮಿಷಕ್ಕೆ 24 ಮೀಟರ್ ಎಂದುಕೊಂಡರೆ ಸೆಕೆಂಡಿಗೆ 40 ಸೆಂಟಿಮೀಟರ್. ಅದಕ್ಕೇ ಹೊಸ ಪ್ರೋಗ್ರಾಮನ್ನು ಮೊದಲ ಸಲ ಸಿಂಗಲ್ ಬ್ಲಾಕಿನಲ್ಲಿ, ರ‍್ಯಾಪಿಡ್ ತಗ್ಗಿಸಿ, ಫೀಡ್ ಹೋಲ್ಡ್ ಬಟನ್ ಮೇಲೆ ಬೆರಳಿಟ್ಟು ಓಡಿಸುವುದು.

ಇನ್ನೊಂದು ಜಿ 96. ವ್ಯಾಸ ಕಿರಿದಾದಂತೆ ಇದು ತಾನಾಗಿಯೇ ಸ್ಪಿಂಡಲ್ ವೇಗ ಏರಿಸುತ್ತದೆ. ನಿಮಿಷಕ್ಕೆ 150 ಮೀಟರ್ ಕಟಿಂಗ್ ವೇಗದಲ್ಲಿ 100 ಮಿ.ಮೀ. ವ್ಯಾಸಕ್ಕೆ ಸುಮಾರು 480 ಸುತ್ತು. ಮುಖ ಕಡೆಯುತ್ತ 10 ಮಿ.ಮೀ.ಗೆ ಬಂದಾಗ 4,800ರ ಹತ್ತಿರ. ವೇಗ ಇಮ್ಮಡಿಯಾದರೆ ಚಕ್ಕಿನ ದವಡೆಗಳನ್ನು ಹೊರಕ್ಕೆಳೆಯುವ ಬಲ ನಾಲ್ಕು ಪಟ್ಟು. ಹಿಡಿತ ಸಡಿಲವಾಗಿ ಜಾಬ್ ಹಾರಿದರೆ ಬಾಗಿಲಿನ ಕಿಟಕಿಯೂ ತಡೆಯಲಾರದು. ಆದ್ದರಿಂದ ಜಿ 50ರಲ್ಲಿ ಗರಿಷ್ಠ ವೇಗವನ್ನು ಮೊದಲೇ ಕಟ್ಟಿಹಾಕಬೇಕು.

ಶಾಫ್ಟ್ ಕಡೆದು ಬೆಳೆದ ಕರಾವಳಿಯ ಹುಡುಗನಿಗೆ ಸ್ಪಿಂಡಲ್ಲಿನ ಹಿಂದೆ ಚಾಚಿದ ಉದ್ದ ಸರಳು ಹೊಸದಲ್ಲ. ನಿಧಾನ ತಿರುಗುವ ಹಳೆಯ ಲೇತಿನಲ್ಲಿ ಅದು ತೆಪ್ಪಗಿರುತ್ತಿತ್ತು. ಸಿಎನ್‌ಸಿಯ ವೇಗದಲ್ಲಿ ಅದೇ ಸರಳು ಬಾಗಿ ಚಾಟಿಯಂತೆ ಬೀಸುತ್ತದೆ, ಅದೂ ಬಾಗಿಲೇ ಇಲ್ಲದ ಹಿಂಬದಿಯಲ್ಲಿ. ಹೊರಚಾಚಿದ ಭಾಗವನ್ನು ಮೊದಲೇ ಕತ್ತರಿಸಬೇಕು, ಇಲ್ಲವೆ ಬಾರ್ ಫೀಡರಿನ ಕೊಳವೆಯೊಳಗೆ ಪೂರ್ತಿ ಇಳಿಸಬೇಕು.