ಎರಡನೆಯ ರಿಮೋಟು

ತೊಗರಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ನಮ್ಮೂರಿನ ತಾಯಂದಿರು ನನ್ನ ಹತ್ತಿರ ಸಲಹೆ ಕೇಳಲು ಬರುವುದುಂಟು. ಅಂದೋಲಾದಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಸಿಕ್ಕ ಗೌರವವೋ ಕಿರಿಕಿರಿಯೋ, ಏನಾದರೂ ಅನ್ನಿ. ಹೋದ ವರ್ಷ ಹೀಗೇ ಒಬ್ಬಾಕೆ ಬಂದಿದ್ದಳು. ಮಗ ಹತ್ತನೆಯ ತರಗತಿ. ಕಲಬುರಗಿಯಲ್ಲಿ ನೆಂಟರ ಮನೆಯಲ್ಲಿ ಪ್ಲೇಸ್ಟೇಷನ್ ನೋಡಿ ಬಂದು ಹಟ ಹಿಡಿದಿದ್ದನಂತೆ.

"ಅಕ್ಕೋರ, ಆ ಆಟದ ಡಬ್ಬಿ ತಗೊಂಡು ಏನ್ ಮಾಡದದ್ರಿ? ಅದರಾಗ ಓದದಿಲ್ಲ, ಬರಿಯದಿಲ್ಲ. ಅದೇ ರೊಕ್ಕಕ್ಕ ಕಂಪ್ಯೂಟರ್ ಕೊಡಸ್ತೀನಿ ಅಂದೀನಿ. ಅಭ್ಯಾಸನೂ ಆಗ್ತದ. ಹೌದಲ್ರಿ?" ಎಂದಳು. ಪಕ್ಕದಲ್ಲಿ ಎಂಟನೆಯ ತರಗತಿಯ ಮಗಳು ನಿಂತಿದ್ದಳು. ಅವಳಿಗೇನು ಬೇಕೆಂಬ ಮಾತು ಬರಲೇ ಇಲ್ಲ.

ನಾನು ಹೌದೆನ್ನಲಿಲ್ಲ. ನಾನು ಹೇಳಿದ್ದು ಕೇಳಿ ಆಕೆಗೆ ಸಿಟ್ಟು ಬಂತು. ಅಂದು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಮಕ್ಕಳ ಆಟದ ಮಟ್ಟಿಗೆ, ಟಿವಿಗೆ ಹಚ್ಚುವ ಆ ಡಬ್ಬಿಯೇ ಕಂಪ್ಯೂಟರಿಗಿಂತ ಪ್ರಾಮಾಣಿಕವಾದದ್ದು. ಡಬ್ಬಿ "ನಾನು ಆಟ" ಎಂದು ಹೇಳಿಕೊಂಡೇ ಮನೆಯೊಳಗೆ ಬರುತ್ತದೆ. ಕಂಪ್ಯೂಟರು ಓದಿನ ಹೆಸರು ಹೇಳಿಕೊಂಡು ಬಂದು ಆಟ ಆಡಿಸುತ್ತದೆ. ಏಕಾದಶಿ ಉಪವಾಸವೆಂದು ಹೇಳಿ ಎರಡು ತಾಟು ಸಾಬೂದಾಣಿ ತಿಂದ ಹಾಗೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

2004ರಲ್ಲಿ ಶರಣಬಸವೇಶ್ವರ ಜಾತ್ರೆಗೆ ಗುಲಬರ್ಗಾಕ್ಕೆ ಹೋದಾಗ (ಆಗಿನ್ನೂ ಊರಿಗೆ ಕಲಬುರಗಿ ಎಂಬ ಹೆಸರು ಸರಕಾರಿ ಕಾಗದದಲ್ಲಿ ಬಂದಿರಲಿಲ್ಲ, ಅದು ಬಂದದ್ದು 2014ರಲ್ಲಿ) ಮಕ್ಕಳ ಕಾಟ ತಾಳಲಾರದೆ ಒಂದು ಟಿವಿ ಗೇಮ್ ಕೊಂಡೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಯಂತ್ರದ ಅಗ್ಗದ ನಕಲು ಅದು. ನಮ್ಮ ದೇಶದ ಪೇಟೆಪೇಟೆಗಳಲ್ಲೂ ಇಂಥ ನಕಲುಗಳೇ ತುಂಬಿದ್ದವು. ಕ್ಯಾಸೆಟ್ಟಿನ ಮೇಲೆ ಲಕ್ಷ ಆಟ ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಹತ್ತೋ ಹದಿನೈದೋ, ಅವೇ ಮತ್ತೆ ಮತ್ತೆ. ಮಾರಿಯೋ, ಬಾತುಕೋಳಿಗೆ ಗುಂಡು ಹೊಡೆಯುವುದು, ಹದ್ದಿನ ಗುರುತಿನ ಕೋಟೆ ಕಾಯುವ ಟ್ಯಾಂಕಿನ ಆಟ. ಮಗನಿಗೆ ಹನ್ನೊಂದು, ಮಗಳಿಗೆ ಎಂಟು. ಅವನದು ಹಳದಿ ಟ್ಯಾಂಕು, ಇವಳದು ಹಸಿರು. ಇಬ್ಬರೂ ಸೇರಿ ಒಂದೇ ಕೋಟೆ ಕಾಯಬೇಕು. ಮಗಳೇ ಹೆಚ್ಚು ಚುರುಕು ಎಂಬುದು ನನಗೂ ಕಾಣುತ್ತಿತ್ತು. ಟಿವಿ ಇದ್ದದ್ದು ನಡುಮನೆಯಲ್ಲಿ. ಸಂಜೆ ಏಳಕ್ಕೆ ಅತ್ತೆಯವರ ಧಾರಾವಾಹಿ. ಏಳಕ್ಕೆ ಐದು ನಿಮಿಷ ಇರುವಾಗಲೇ ಅತ್ತೆಯವರು ಕೆಮ್ಮಿಕೊಂಡು ಬಂದು ಕುಳಿತರೆ ಆಟ ಮುಗಿಯಿತು. ನಾನು ಒಂದು ದಿನವೂ ಬೈಯಬೇಕಾಗಲಿಲ್ಲ.

ಒಂದು ಸಂಗತಿ ಮಾತ್ರ ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಎರಡು ರಿಮೋಟುಗಳಲ್ಲಿ ಎರಡನೆಯದಕ್ಕೆ ಸ್ಟಾರ್ಟ್ ಗುಂಡಿಯೇ ಇರಲಿಲ್ಲ. ಜಪಾನಿನ ಮೂಲ ಯಂತ್ರದಲ್ಲೂ ಹಾಗೆಯೇ ಇತ್ತು, ನಕಲು ಮಾಡಿದವರು ಅದನ್ನೂ ನಕಲು ಮಾಡಿದ್ದರು. ಆಟ ಶುರುವಾಗಬೇಕಾದರೆ, ನಡುವೆ ನಿಲ್ಲಬೇಕಾದರೆ ಅಣ್ಣ ಗುಂಡಿ ಒತ್ತಬೇಕು. "ಅಣ್ಣಾ, ಹಚ್ಚೋ" ಎಂದು ಮಗಳು ಗೋಗರೆಯುವುದನ್ನು ನಾನು ಮಕ್ಕಳ ಗಲಾಟೆ ಎಂದುಕೊಂಡಿದ್ದೆ.

ಆ ಜಪಾನಿ ಯಂತ್ರಕ್ಕೆ ಅವರು ಇಟ್ಟಿದ್ದ ಹೆಸರು ಫ್ಯಾಮಿಲಿ ಕಂಪ್ಯೂಟರ್! ಹೆಸರಿನ ಮಹಿಮೆ ಮಾರುವವರಿಗೆ ಮೊದಲಿನಿಂದಲೂ ಗೊತ್ತು. ಜಾತ್ರೆಯ ಅಂಗಡಿಯಲ್ಲೇ ಅದೇ ಯಂತ್ರಕ್ಕೆ ಕೀಬೋರ್ಡು ಅಂಟಿಸಿ "ಇದು ಶಿಕ್ಷಣದ್ದು ಮೇಡಂ" ಎಂದು ಹೆಚ್ಚಿನ ಬೆಲೆಗೆ ತೋರಿಸಿದ್ದರು. ಒಳಗೆ ಅದೇ ಮಾರಿಯೋ. ಅಂದು ದುಡ್ಡು ಸಾಲದೆ ಬಚಾವಾದೆ. ಐದು ವರ್ಷದ ನಂತರ ಬಚಾವಾಗಲಿಲ್ಲ.

2009ರಲ್ಲಿ ಮಗ ಪಿಯುಸಿಗೆ ಸೇರಿದ. ವಿಜ್ಞಾನ ವಿಭಾಗ. ಕಂಪ್ಯೂಟರ್ ಇಲ್ಲದಿದ್ದರೆ ಹಿಂದೆ ಬೀಳುತ್ತಾನೆ ಎಂದರು ಸಹೋದ್ಯೋಗಿಗಳು. ಸೊಸೈಟಿಯಲ್ಲಿ ಸಾಲ ತೆಗೆದು ಕೊಡಿಸಿದೆ. ಟಿವಿ ಗೇಮನ್ನು ಭಂಗಾರದವನಿಗೆ ಹಾಕಿ ಬಂದ ದುಡ್ಡಿಗೆ ಒಂದು ಉಳ್ಳಾಗಡ್ಡಿ ಬುಟ್ಟಿ ಕೊಂಡೆ, ನೆನಪಿದೆ. ಕಂಪ್ಯೂಟರು ಮಗನ ಕೋಣೆಗೆ ಹೋಯಿತು. ಒಂದು ಮೇಜು, ಒಂದು ಕುರ್ಚಿ, ಮುಚ್ಚಿದ ಬಾಗಿಲು. "ಸಪ್ಪಳ ಮಾಡಬ್ಯಾಡ್ರಿ, ಅಣ್ಣ ಓದ್ಲತ್ತಾನ" ಎಂದು ಇಡೀ ಮನೆಯನ್ನು ಸುಮ್ಮನಿರಿಸಿದವಳು ನಾನೇ. ರಾತ್ರಿ ಹತ್ತು ಗಂಟೆಗೆ ಅವನಿಗೆ ಚಹಾ. ತೆಗೆದುಕೊಂಡು ಹೋಗುತ್ತಿದ್ದವಳು ಮಗಳು.

ಒಂದು ದಿನ ಚಹಾ ಕೊಟ್ಟು ಬಂದವಳು ಹೇಳಿದಳು: "ಯವ್ವಾ, ಅಣ್ಣ ಓದ್ಲತ್ತಿಲ್ಲ, ಕಾರ್ ಓಡಸ್ಲತ್ತಾನ. ನನಗೂ ಒಂದೀಟು ಕೊಡು ಅಂದ್ರ, ಇದು ಇಬ್ಬರು ಆಡದಲ್ಲ ಅಂದ." ನಾನು ಅವಳಿಗೇ ಗದರಿಸಿದೆ. ಅಣ್ಣನ ಮೇಲೆ ಚಾಡಿ ಹೇಳುತ್ತೀಯಾ ಎಂದು. ಹದಿಮೂರು ವರ್ಷದ ಹುಡುಗಿ, ಮತ್ತೆ ಆ ಮಾತೆತ್ತಲಿಲ್ಲ. ಆ ಮನೆಯಲ್ಲಿ ಅವಳ ಆಟ ಅಲ್ಲಿಗೆ ಮುಗಿಯಿತು.

ಕಂಪ್ಯೂಟರಿನ ಪರ ಇರುವವರ ವಾದ ನನಗೆ ಗೊತ್ತಿದೆ, ನನ್ನ ಮಗನೇ ಹತ್ತು ಸಲ ಒಪ್ಪಿಸಿದ್ದಾನೆ. ಡಬ್ಬಿ ಚಿಕ್ಕ ಮಕ್ಕಳಿಗೆ, ನಿಜವಾದ ಆಟಗಾರರಿಗೆ ಕಂಪ್ಯೂಟರು. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ಅದರ ಹೊಸ ಆಟ ಒಂದಕ್ಕೇ 4,999. ಕಂಪ್ಯೂಟರಿನಲ್ಲಿ ಆಟಗಳು ಅಗ್ಗ, ರಿಯಾಯಿತಿಯಲ್ಲಿ ಇನ್ನೂ ಅಗ್ಗ. ಒಪ್ಪಿದೆ. ಯಂತ್ರವನ್ನು ಕಡಿಮೆ ಲಾಭಕ್ಕೆ ಕೊಟ್ಟು ಆಟದಲ್ಲಿ ದುಡ್ಡು ಗೋರುವುದು ಡಬ್ಬಿಯವರ ಹಳೆಯ ಲೆಕ್ಕಾಚಾರ. ಆದರೆ ಡಬ್ಬಿಯ ಡಿಸ್ಕನ್ನು ಆಡಿ ಮುಗಿಸಿ ಪಕ್ಕದ ಮನೆಗೆ ಎರವಲು ಕೊಡಬಹುದು, ಅರ್ಧ ಬೆಲೆಗೆ ಮಾರಬಹುದು. ಕಂಪ್ಯೂಟರಿಗೆ ಅಂತರ್ಜಾಲದಿಂದ ಕೊಂಡ ಆಟ ಕೊಂಡವನ ಖಾತೆಗೇ ಅಂಟಿಕೊಂಡಿರುತ್ತದೆ, ಮಾರಲು ಬರುವುದಿಲ್ಲ. ಇನ್ನು ಅಂಥ ದೊಡ್ಡ ಆಟಗಳನ್ನು ಓಡಿಸಲು ಸಾದಾ ಕಂಪ್ಯೂಟರು ಸಾಲದು, ಗ್ರಾಫಿಕ್ಸ್ ಕಾರ್ಡ್ ಎಂಬ ದುಬಾರಿ ಭಾಗ ಬೇಕು. ತಾಯಂದಿರೇ, ಈ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕನ್ನಡ ಟೈಪು ಮಾಡಲು, ಲೆಕ್ಕದ ಹಾಳೆ ಕಲಿಯಲು, ಪಾಠದ ವಿಡಿಯೋ ನೋಡಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪಿಯುಸಿ ಹುಡುಗ ಅದನ್ನು ಕೇಳಿದನೆಂದರೆ ಅವನು ಕೇಳುತ್ತಿರುವುದು ಆಟದ ಯಂತ್ರವನ್ನು. ಕೇಳಲಿ, ತಪ್ಪಲ್ಲ. ಆಟಕ್ಕೆಂದೇ ಕೇಳಲಿ, ನಾವೂ ಆಟಕ್ಕೆಂದೇ ಕೊಡಿಸೋಣ. ಆಗ ತಂಗಿಯ ಪಾಲು ಎಷ್ಟು ಎಂದು ಕೇಳಲು ಬರುತ್ತದೆ. ಓದು ಎಂದ ಮೇಲೆ ಪಾಲು ಕೇಳುವ ಹಾಗಿಲ್ಲ.

ಈ ಕುರುಡು ನಮ್ಮದೊಂದೇ ಅಲ್ಲ. ಚೀನಾ ಸರಕಾರ 2000ದಲ್ಲಿ ಮಕ್ಕಳು ಕೆಡುತ್ತಾರೆಂದು ಆಟದ ಡಬ್ಬಿಗಳ ಮಾರಾಟ ನಿಷೇಧಿಸಿತು. ಕಂಪ್ಯೂಟರನ್ನು ಮುಟ್ಟಲಿಲ್ಲ, ಅದು ಪ್ರಗತಿಯ ಗುರುತಲ್ಲವೇ! ಮಕ್ಕಳು ಆಟ ಬಿಟ್ಟರೇ? ನಡುಮನೆಯ ಟಿವಿ ಬಿಟ್ಟು ಇಂಟರ್‌ನೆಟ್ ಕೆಫೆಗಳಲ್ಲಿ ಹೋಗಿ ಕುಳಿತರು. ಕಂಪ್ಯೂಟರ್ ಆಟದ ವ್ಯಾಪಾರ ಆ ದೇಶದಲ್ಲಿ ಬೆಟ್ಟದಷ್ಟು ಬೆಳೆಯಿತು. ನಿಷೇಧ ಸಡಿಲಾದದ್ದು 2014ರಲ್ಲಿ, ಪೂರ್ತಿ ಹೋದದ್ದು 2015ರಲ್ಲಿ. ನಮ್ಮ ಸರಕಾರವೇನು ಕಡಿಮೆ? 2017ರಲ್ಲಿ ಜಿಎಸ್‌ಟಿ ತಂದಾಗ ಕಂಪ್ಯೂಟರಿಗೆ ಶೇಕಡಾ 18, ಆಟದ ಡಬ್ಬಿಗೆ ಶೇಕಡಾ 28. ಒಂದು ಅವಶ್ಯಕ, ಇನ್ನೊಂದು ಚೈನಿ. 2019ರ ಜನವರಿಯಿಂದ ಎರಡಕ್ಕೂ 18 ಆಯಿತು, ಆದರೆ ನಮ್ಮ ತಲೆಯೊಳಗಿನ ತೆರಿಗೆ ಇಳಿಯಲಿಲ್ಲ. ಅತ್ತ ಕಂಪನಿಗಳಿಗೇ ಈ ಜಗಳ ಬೇಡವಾಗಿದೆ. ಪ್ಲೇಸ್ಟೇಷನ್ ಮಾಡುವ ಸೋನಿಯವರೇ 2020ರಿಂದ ತಮ್ಮ ದೊಡ್ಡ ಆಟಗಳನ್ನು ಕಂಪ್ಯೂಟರಿಗೂ ಕೊಡತೊಡಗಿದರು.

ಮೊಬೈಲ್ ವಿಷಯ ಬರೆಯಲು ಹೊರಟರೆ ಬೇರೆಯೇ ಲೇಖನವಾದೀತು. ನಮ್ಮೂರಲ್ಲಿ ಹೆಚ್ಚಿನ ಮಕ್ಕಳು ಆಡುವುದು ಅದರಲ್ಲೇ, ಅದೂ ಬಂದದ್ದು ಆನ್‌ಲೈನ್ ಪಾಠದ ಹೆಸರಿನಲ್ಲಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಬೇಕಾಯಿತು. ಇಸ್ಪೀಟಿನ ಕಟ್ಟನ್ನು ಹೊಸ್ತಿಲ ಒಳಗೆ ಬಿಡದ ಮನೆಗಳಲ್ಲೇ ರಮ್ಮಿ ಜೇಬಿನಲ್ಲಿ ಕುಳಿತು ಬಂದಿತ್ತು.

ಮಗನಿಗೆ ಅನ್ಯಾಯ ಮಾಡಬಾರದು. ಆ ಕಂಪ್ಯೂಟರಿನಿಂದ ಅವನು ಕಲಿತ, ಇಂದು ಬೆಂಗಳೂರಿನಲ್ಲಿ ಅದರಿಂದಲೇ ಅನ್ನ ತಿನ್ನುತ್ತಿದ್ದಾನೆ. ಕಾರು ಓಡಿಸುತ್ತಲೇ ಯಂತ್ರ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿತೆ ಎನ್ನುತ್ತಾನೆ. ಇರಬಹುದು. ಹಾಗಾದರೆ ಅದನ್ನು ಕಲಿಯುವ ಅವಕಾಶ ಮನೆಯಲ್ಲಿ ಒಬ್ಬರಿಗೇ ಏಕೆ ಸಿಕ್ಕಿತು ಎಂಬುದು ನನ್ನ ತಕರಾರು. ಇದು ಅವನ ಮೇಲಿನ ತಕರಾರಲ್ಲ. ಕುರ್ಚಿ ಒಂದೇ ತಂದವಳು ನಾನು.

ಮಗಳು ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ. ಹೋದ ದೀಪಾವಳಿಗೆ ಬೋನಸ್ಸಿನಲ್ಲಿ ಪ್ಲೇಸ್ಟೇಷನ್ 5 ಕೊಂಡಳು. ಅಣ್ಣ ಫೋನಿನಲ್ಲಿ ನಕ್ಕನಂತೆ: "ಅಷ್ಟು ರೊಕ್ಕಕ್ಕ ಇನ್ನೊಂದೀಟು ಹಾಕಿದ್ರ ಚಲೋ ಕಂಪ್ಯೂಟರ್ ಬರ್ತಿತ್ತು, ಕೆಲಸನೂ ಆಗ್ತಿತ್ತು."

"ಕೆಲಸಕ್ಕ ಆಫೀಸಿನ ಲ್ಯಾಪ್‌ಟಾಪ್ ಅದಲೋ ಅಣ್ಣಾ. ಇದು ನನಗ ಆಡ್ಲಿಕ್ಕಿ" ಎಂದಳಂತೆ.

ಜನವರಿಯಲ್ಲಿ ನಾನು ಹೋದಾಗ ಟಿವಿಗೆ ಹಚ್ಚಿ ತೋರಿಸಿದಳು. ಕನ್ನಡಕ ಸರಿ ಮಾಡಿಕೊಂಡು ನಾನು ಮೊದಲು ನೋಡಿದ್ದು ರಿಮೋಟನ್ನು. ಒಂದೇ ಇತ್ತು. "ಇನ್ನೊಂದು ಎಲ್ಲದವ್ವಾ?" ಎಂದೆ. ಈಗ ಪೆಟ್ಟಿಗೆಯಲ್ಲಿ ಒಂದೇ ಬರುತ್ತದಂತೆ, ಎರಡನೆಯದು ಬೇಕಾದರೆ ಬೇರೆಯಾಗಿ ಕೊಳ್ಳಬೇಕು, ಸುಮಾರು ಆರು ಸಾವಿರ. 1983ರಲ್ಲಿ ಗುಂಡಿ ಇಲ್ಲದ್ದನ್ನಾದರೂ ಕೊಡುತ್ತಿದ್ದರು!

"ಎರಡಕ್ಕೂ ಸ್ಟಾರ್ಟ್ ಗುಂಡಿ ಇರ್ತಾವೇನು?"

"ಇರ್ತಾವ ಯವ್ವಾ. ಈಗ ಎರಡೂ ಒಂದೇ ನಮೂನಿ."

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಅವಳು ಬೇಡವೆಂದರೂ ಎರಡನೆಯದರ ದುಡ್ಡು ನಾನೇ ಕೊಟ್ಟೆ.