ಎರಡು ರೆಸಿಸ್ಟರ್‌ಗಳ ಲೆಕ್ಕಕ್ಕೂ ಸೋಮಾರಿಗಳಾದೆವು

ಔಟ್‌ಪುಟ್ ವೋಲ್ಟೇಜನ್ನು ನಾವೇ ನಿಗದಿ ಮಾಡಿಕೊಳ್ಳುವ ರೆಗ್ಯುಲೇಟರ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವ ಹೆಸರು ಎಲ್‌ಎಂ317. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದ ರಾಬರ್ಟ್ ಡಾಬ್ಕಿನ್ 1976ರಲ್ಲಿ ರೂಪಿಸಿದ ಈ ಮೂರು ಕಾಲಿನ ಐಸಿ ವೋಲ್ಟೇಜ್ ನಿಗದಿಗೆ ನಮ್ಮಿಂದ ಕೇಳುವುದು ಎರಡೇ ರೆಸಿಸ್ಟರ್. ಔಟ್‌ಪುಟ್ ಕಾಲಿಗೂ ಅಡ್ಜಸ್ಟ್ ಕಾಲಿಗೂ ನಡುವೆ ಅದು 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. ಅಲ್ಲೊಂದು ರೆಸಿಸ್ಟರ್, ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಒಂದು ಕೂಡಿಸಿ, 1.25ರಿಂದ ಗುಣಿಸಿದರೆ ವೋಲ್ಟೇಜ್ ಬಂತು. ಹೈಸ್ಕೂಲಿನ ಮಕ್ಕಳು ಮಾಡಬಲ್ಲ ಲೆಕ್ಕ. ಇದನ್ನೂ ನಾವು ಕೈಬಿಟ್ಟಿದ್ದೇವೆ. ನಾವು ಎಂದರೆ ಪಾಠ ಹೇಳುವವರು, ಪ್ರಾಜೆಕ್ಟ್ ವರದಿಗೆ ಸಹಿ ಹಾಕುವವರು, ಬೋರ್ಡ್ ಮಾಡಿಸಿ ಮಾರುವವರು, ಎಲ್ಲರೂ.

ಮೊದಲ ರೆಸಿಸ್ಟರ್ ಎಷ್ಟೆಂದು ಯಾರನ್ನೇ ಕೇಳಿ, 240 ಓಮ್ ಎನ್ನುತ್ತಾರೆ. ಯಾಕೆ 240 ಎಂದು ಕೇಳಿ, ಡೇಟಾಶೀಟ್‌ನ ಚಿತ್ರದಲ್ಲಿ ಹಾಗೇ ಇದೆ ಎನ್ನುತ್ತಾರೆ. ಈ ಐಸಿ ಹದ್ದುಬಸ್ತಿನಲ್ಲಿರಬೇಕಾದರೆ ಔಟ್‌ಪುಟ್‌ನಿಂದ ಸದಾ ಒಂದಿಷ್ಟು ಕರೆಂಟ್ ಹೊರಗೆ ಹರಿಯುತ್ತಿರಬೇಕು. ಇದೇ ಕುಟುಂಬದ ದುಬಾರಿ ಎಲ್‌ಎಂ117ಕ್ಕೆ ಹೆಚ್ಚೆಂದರೆ 5 ಮಿಲಿಆಂಪ್ ಸಾಕು. 240 ಓಮ್‌ನಲ್ಲಿ ಹರಿಯುವುದು 5.2, ಅಲ್ಲಿಗೆ ಸರಿ. ಅಂಗಡಿಯಲ್ಲಿ ನಮಗೆ ಸಿಗುವ ಎಲ್‌ಎಂ317ಕ್ಕೆ ಅದು 10 ಮಿಲಿಆಂಪ್‌ವರೆಗೂ ಬೇಕಾಗಬಹುದು ಎಂದು ಡೇಟಾಶೀಟ್‌ನ ಕೋಷ್ಟಕದಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಅಲ್ಲಿರಬೇಕಾದದ್ದು 120 ಓಮ್. ಬೆಂಚಿನ ಮೇಲೆ ಬಲ್ಬೋ ಮೋಟಾರೋ ಲೋಡ್ ಆಗಿರುವವರೆಗೆ ಈ ತಪ್ಪು ಕಾಣಿಸುವುದಿಲ್ಲ. ಬೋರ್ಡಿನ ಮೈಕ್ರೋಕಂಟ್ರೋಲರ್ ಕೆಲಸ ಮುಗಿಸಿ ನಿದ್ರೆಗೆ ಜಾರಿದಾಗ, ಲೋಡ್ ಮೈಕ್ರೋಆಂಪ್‌ಗೆ ಇಳಿದಾಗ, ಯಾರೂ ನೋಡದ ಹೊತ್ತಿನಲ್ಲಿ ವೋಲ್ಟೇಜ್ ಮೇಲೇರುತ್ತದೆ. ಚಿತ್ರ ನೋಡಿದೆವು, ಕೋಷ್ಟಕ ಓದಲಿಲ್ಲ. ಇದು ಅಜ್ಞಾನವಲ್ಲ. ಓದಲು ಬರುವವನು ಓದದೇ ಇರುವುದಕ್ಕೆ ಉಡಾಫೆ ಎನ್ನಬೇಕು.

ರೆಸಿಸ್ಟರ್‌ನ ಗುಣಮಟ್ಟದಲ್ಲೂ ಅದೇ ಉಡಾಫೆ. ಶೇಕಡಾ 5ರ ಕಾರ್ಬನ್ ರೆಸಿಸ್ಟರ್ ಎರಡನ್ನು ಡಬ್ಬಿಯಿಂದ ತೆಗೆದು ಬೆಸುಗೆ ಹಾಕುತ್ತೇವೆ. 120 ಮತ್ತು 200 ಓಮ್ ಹಾಕಿದರೆ 3.33 ವೋಲ್ಟ್ ಎನ್ನುತ್ತದೆ ಕಾಗದ. 120 ಎಂದು ಬರೆದದ್ದು 114 ಇರಬಹುದು, 200 ಎಂದದ್ದು 210 ಇರಬಹುದು, ಐಸಿಯ 1.25 ವೋಲ್ಟ್ ಕೂಡ 1.30ರವರೆಗೆ ಹೋಗಬಹುದು. ಮೂರೂ ಒಂದೇ ದಿಕ್ಕಿಗೆ ವಾಲಿದರೆ ಬರುವುದು 3.69 ವೋಲ್ಟ್. ಇಎಸ್‌ಪಿ32 ಚಿಪ್ಪಿಗೆ 3.6 ದಾಟಿಸಬೇಡಿ ಎಂದು ಅದನ್ನು ಮಾಡಿದವರು ಬರೆದಿಟ್ಟಿದ್ದಾರೆ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದ್ದರೆ ಅತಿ ಕೆಟ್ಟ ಸಂದರ್ಭದಲ್ಲೂ 3.51ಕ್ಕೆ ನಿಲ್ಲುತ್ತಿತ್ತು. ಚಿಲ್ಲರೆ ಕಾಸಿನ ಉಳಿತಾಯಕ್ಕೆ ನೂರಾರು ರೂಪಾಯಿಯ ಚಿಪ್ಪನ್ನು ಒತ್ತೆ ಇಡುತ್ತೇವೆ, ಸುಟ್ಟರೆ ಚಿಪ್ಪು ಡೂಪ್ಲಿಕೇಟ್ ಎಂದು ಅಂಗಡಿಯವನನ್ನು ಬೈಯುತ್ತೇವೆ.

ಇನ್ನು ಲೆಕ್ಕವೇ ಬೇಡವೆಂದವರಿಗೆ ಟ್ರಿಮ್‌ಪಾಟ್ ಇದೆ: ಮಲ್ಟಿಮೀಟರ್ ಹಿಡಿದು ತಿರುಗಿಸಿದರಾಯಿತು. ಅದನ್ನು ಗಿರಾಕಿಯ ಮನೆ ಸೇರುವ ಪೆಟ್ಟಿಗೆಯೊಳಗೂ ಹಾಗೇ ಬಿಡುತ್ತೇವೆ. ಧೂಳು ಕೂತು, ತೇವ ಹಿಡಿದು, ಒಳಗಿನ ಜಾರುವ ಸಂಪರ್ಕ ಒಂದು ಕ್ಷಣ ಬಿಟ್ಟರೂ ಅಡ್ಜಸ್ಟ್ ಕಾಲು ಅನಾಥವಾಗುತ್ತದೆ, ಔಟ್‌ಪುಟ್ ಹೆಚ್ಚುಕಡಿಮೆ ಇನ್‌ಪುಟ್‌ನ ಮಟ್ಟಕ್ಕೇ ಜಿಗಿಯುತ್ತದೆ. 5 ವೋಲ್ಟ್ ಬೇಕಿದ್ದ ಕಡೆಗೆ 10 ವೋಲ್ಟ್ ನುಗ್ಗುತ್ತದೆ. ಆ ಜಾರುವ ಕಾಲನ್ನು ಪಕ್ಕದ ತುದಿಗೆ ಸೇರಿಸಿ, ಪಾಟ್‌ನ ಪೂರ್ತಿ ಬೆಲೆಯಲ್ಲೂ ವೋಲ್ಟೇಜ್ ಅಪಾಯದ ಮಟ್ಟ ಮುಟ್ಟದಂತೆ ಆರಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಒಂದು ತುಂಡು ತಂತಿ, ಎರಡು ನಿಮಿಷದ ಯೋಚನೆ.

ಶಾಖದ ಮಾತಂತೂ ನಾಚಿಕೆಗೇಡು. 12 ವೋಲ್ಟ್ ಅಡಾಪ್ಟರಿನಿಂದ 5 ವೋಲ್ಟ್ ತೆಗೆದು ಅರ್ಧ ಆಂಪಿಯರ್ ಎಳೆದರೆ 3.5 ವಾಟ್ ಐಸಿಯೊಳಗೇ ಬಿಸಿಯಾಗಿ ಉಳಿಯುತ್ತದೆ. ಹೀಟ್‌ಸಿಂಕ್ ಇಲ್ಲದ ಟಿಒ-220 ಐಸಿ ಪ್ರತಿ ವಾಟಿಗೆ ಸುಮಾರು 50 ಡಿಗ್ರಿ ಏರುತ್ತದೆ, ಅಂದರೆ ಕೋಣೆಯ ಶಾಖದ ಮೇಲೆ 175. ಅದು ತಡೆಯಬಲ್ಲದ್ದು ಒಟ್ಟು 125. ಒಳಗಿನ ರಕ್ಷಣೆ ಐಸಿಯನ್ನು ಆಗಾಗ ನಿಲ್ಲಿಸಿ ಉಳಿಸುತ್ತದೆ. ಯಂತ್ರ ಕಾರಣವಿಲ್ಲದೆ ರೀಸೆಟ್ ಆಗುತ್ತಿದೆ ಎಂದು ನಾವು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತೇವೆ. ಹೀಟ್‌ಸಿಂಕ್ ಹಾಕುವ ಕೆಲವರೂ 7805 ರೆಗ್ಯುಲೇಟರ್‌ನ ಅಭ್ಯಾಸದಲ್ಲಿ ನೇರ ಲೋಹದ ಪೆಟ್ಟಿಗೆಗೆ ಸ್ಕ್ರೂ ಬಿಗಿಯುತ್ತಾರೆ. 7805ರ ಲೋಹದ ಬೆನ್ನು ಗ್ರೌಂಡ್, ಎಲ್‌ಎಂ317ರ ಬೆನ್ನು ಔಟ್‌ಪುಟ್. ನಡುವೆ ಮೈಕಾ ಹಾಳೆ ಬೇಕೆಂಬುದು ಲ್ಯಾಬಿನಲ್ಲಿ ಹೇಳಿಕೊಡಬೇಕಾದ ಮೊದಲ ಪಾಠ. ಹೇಳಿಕೊಡುವವರು ಎಷ್ಟು ಜನ?

ಡೇಟಾ ಬುಕ್ ಸಿಗುವುದೇ ದುರ್ಲಭವಾಗಿದ್ದ ಕಾಲವೊಂದಿತ್ತು. ಯಾರದೋ ಕೈಯಿಂದ ಬಂದ ಮಸುಕಾದ ಜೆರಾಕ್ಸ್ ಪ್ರತಿಯ ಅಡಿಟಿಪ್ಪಣಿಯನ್ನೂ ಬಿಡದೆ ಓದುತ್ತಿದ್ದರು, ಏಕೆಂದರೆ ಸುಟ್ಟ ಐಸಿಗೆ ಬದಲಿ ಬರಲು ವಾರಗಳು ಬೇಕಿತ್ತು. ಇಂದು ಅದೇ ಪುಟಗಳು ಬಿಡಿಗಾಸಿಲ್ಲದೆ ಫೋನಿನಲ್ಲಿವೆ. ನಾವು ಮೊದಲ ಪುಟದ ಚಿತ್ರ ನೋಡಿ ಮುಚ್ಚುತ್ತೇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡುತಂದ ವಿದ್ಯಾರ್ಥಿಗೆ ಅಂಕ ಕೊಡುವಾಗ ಅವನ ಮುಂದೆ ಕುಳಿತ ಪರೀಕ್ಷಕರಿಗೂ ಸತ್ಯ ಗೊತ್ತಿರುತ್ತದೆ. ರೆಸಿಸ್ಟರ್ ಬೆಲೆ ಹೇಗೆ ಬಂತೆಂಬ ಒಂದೇ ಪ್ರಶ್ನೆ ಕೇಳಿದರೆ ಸಂಜೆಯಾದೀತೆಂದು ಕೇಳುವುದಿಲ್ಲ.

ಇದರ ಬೆಲೆ ತೆರುವವರು ಬೇರೆ. ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆಗೆ ರೆಗ್ಯುಲೇಟರ್ ಆರಿಸುವಾಗ, ಲಿಥಿಯಂ ಸೆಲ್ 4.2ರಿಂದ 3 ವೋಲ್ಟ್‌ಗೆ ಇಳಿಯುತ್ತದೆಂಬುದನ್ನು ಮರೆತು, ತನಗೇ ಸುಮಾರು 2 ವೋಲ್ಟ್ ಅಂತರ ಬೇಡುವ ಎಲ್‌ಎಂ317 ಹಾಕುವವರಿದ್ದಾರೆ. ಅದು 3.3 ಕೊಡಲಾರದೆಂದು ತಿಳಿದ ಮೇಲೆ ಎರಡು ಸೆಲ್ ಸಾಲಾಗಿ ಜೋಡಿಸುತ್ತಾರೆ. ಆಗಲೂ ಆ 120 ಓಮ್ ಒಂದರಲ್ಲೇ ಹಗಲಿರುಳು 10 ಮಿಲಿಆಂಪ್ ಸೋರುತ್ತದೆ. 2000 ಮಿಲಿಆಂಪ್-ಗಂಟೆಯ ಸೆಲ್‌ಗಳು, ಸೆನ್ಸರ್ ಏನೂ ಮಾಡದಿದ್ದರೂ, 200 ಗಂಟೆಗೆ ಖಾಲಿ; ಒಂಬತ್ತು ದಿನವೂ ಇಲ್ಲ. ಕೆಲವೇ ಮೈಕ್ರೋಆಂಪ್ ತಿನ್ನುವ, ಮಿಲಿವೋಲ್ಟ್‌ಗಳ ಅಂತರದಲ್ಲಿ ನಡೆಯುವ ರೆಗ್ಯುಲೇಟರ್‌ಗಳು ಮಾರುಕಟ್ಟೆಯಲ್ಲಿವೆ. ಅವುಗಳ ರೆಸಿಸ್ಟರ್‌ಗಳನ್ನು ಲಕ್ಷ ಓಮ್‌ಗಳಲ್ಲಿ ಆರಿಸಬಹುದು. ಹುಡುಕಲು ಒಂದು ಸಂಜೆ ಸಾಕಿತ್ತು. ಆ ಸಂಜೆಯನ್ನು ನಾವು ಉಳಿಸಿಕೊಂಡೆವು. ರೈತ ಮಾತ್ರ ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿ ಸೆಲ್ ಚಾರ್ಜ್ ಮಾಡುತ್ತಾನೆ, ಎರಡು ತಿಂಗಳಾದ ಮೇಲೆ ಅದೂ ಬೇಸರವಾಗಿ, ಮೊದಲಿನಂತೆ ಕೈಯಲ್ಲಿ ಮಣ್ಣು ಹಿಸುಕಿ ನೋಡಿ ನೀರು ಬಿಡುತ್ತಾನೆ.